ಹಾವು ಮೊದಲೋ, ಮನೆ ಮೊದಲೋ? ಹೆಬ್ಬಾವು ಸಾಕಿದವರ ಇನ್ನೂರು ವರ್ಷ

ಪ್ರಾಣಿಗಳ ಬಗ್ಗೆ ಮಾತಾಡಿದಾಗಲೆಲ್ಲ ನನಗೆ ಎದುರಾಗುವ ಒಂದು ಪ್ರಶ್ನೆ ಇದೆ. ‘ಸಾರ್, ಮನೆಯಲ್ಲಿ ದೊಡ್ಡ ಹಾವು ಸಾಕಬಹುದಾ? ಸಾಕೋದಾದರೆ ಮೊದಲು ಏನು ತಗೋಬೇಕು?’ ಕೇಳುವವರು ಹೆಚ್ಚಾಗಿ ಕಾಲೇಜು ಹುಡುಗರು. ಯೂಟ್ಯೂಬಿನಲ್ಲಿ ಅಮೆರಿಕದವರು ಯಾರೋ ಹಳದಿ ಬಣ್ಣದ ಹೆಬ್ಬಾವನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿರುವುದನ್ನು ನೋಡಿರುತ್ತಾರೆ. ಇದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಈ ಪ್ರಶ್ನೆಗೆ ಇನ್ನೂರು ವರ್ಷದ ಇತಿಹಾಸ ಇದೆ, ಮತ್ತು ಆ ಇತಿಹಾಸ ಮತ್ತೆ ಮತ್ತೆ ಒಂದೇ ಪಾಠ ಹೇಳುತ್ತದೆ. ಅದನ್ನು ಮೊದಲು ನೋಡೋಣ. ಉತ್ತರ ಕೊನೆಯಲ್ಲಿ ಹೇಳ್ತೀನಿ.

ಶುರು ಮಾಡೋದು ಒಂದು ಹಡಗಿನಿಂದ. 1817. ಚೀನಾಕ್ಕೆ ಬ್ರಿಟಿಷ್ ರಾಯಭಾರಿಯನ್ನು ಕರೆದೊಯ್ದಿದ್ದ ‘ಅಲ್ಸೆಸ್ಟ್’ ಎಂಬ ಹಡಗು ವಾಪಸು ಬರುವಾಗ ಸುಮಾತ್ರಾ ಬಳಿ ಬಂಡೆಗೆ ಬಡಿದು ಒಡೆಯಿತು. ಬದುಕಿದವರು ಬಟೇವಿಯಾ, ಅಂದರೆ ಇವತ್ತಿನ ಜಕಾರ್ತಾದಿಂದ ‘ಸೀಸರ್’ ಎಂಬ ಇನ್ನೊಂದು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಆ ಹಡಗಿನಲ್ಲಿ ಇಬ್ಬರು ವಿಶೇಷ ಪ್ರಯಾಣಿಕರಿದ್ದರು. ಒಂದು ಒರಾಂಗುಟಾನ್. ಇನ್ನೊಂದು, ಬೋರ್ನಿಯೊದಿಂದ ತಂದ ಸುಮಾರು 16 ಅಡಿ ಉದ್ದದ ಹೆಬ್ಬಾವು. ಹಾವಿಗೆ ಮರದ ದೊಡ್ಡ ಬೋನು ಮಾಡಿಸಿದ್ದರು. ಆಹಾರಕ್ಕೆ ಮೇಕೆಗಳನ್ನೂ ಹಡಗಿಗೆ ಹತ್ತಿಸಿದ್ದರು. ಹಡಗಿನ ವೈದ್ಯ ಜಾನ್ ಮೆಕ್‌ಲಿಯೋಡ್, ಆ ಹಾವು ಮೇಕೆಯನ್ನು ನುಂಗಿದ ರೀತಿಯನ್ನು ಪುಟಗಟ್ಟಲೆ ಬರೆದಿಟ್ಟಿದ್ದಾನೆ.

ಬೋನು ಇತ್ತು, ಮೇಕೆ ಇತ್ತು. ಇಲ್ಲದ್ದು ಒಂದೇ: ಬಿಸಿ. ಹಡಗು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬರುವಾಗ ಗಾಳಿ ತಣ್ಣಗಾಯಿತು. ಹಾವು ಸೊರಗಿತು. ಸೇಂಟ್ ಹೆಲೆನಾ ದ್ವೀಪ ತಲುಪುವುದಕ್ಕೆ ಮುಂಚೆಯೇ ಸತ್ತುಹೋಯಿತು. ಒರಾಂಗುಟಾನ್ ಇಂಗ್ಲೆಂಡ್ ತಲುಪಿತು, ಹೆಬ್ಬಾವು ತಲುಪಲಿಲ್ಲ. ಯಾಕೆ? ಒರಾಂಗುಟಾನ್ ನಮ್ಮ ಹಾಗೆ ತನ್ನ ಮೈಯ ಬಿಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹಾವಿಗೆ ಆ ಬಿಸಿ ಹೊರಗಿನಿಂದ ಬರಬೇಕು. ನುಂಗಿದ್ದನ್ನು ಅರಗಿಸಿಕೊಳ್ಳುವುದಕ್ಕೂ ಬಿಸಿ ಬೇಕು. ತಣ್ಣನೆಯ ಹಾವಿನ ಹೊಟ್ಟೆಯಲ್ಲಿ ಮೇಕೆ ಆಹಾರವಲ್ಲ, ಕೊಳೆಯುವ ಭಾರ.

ಇಲ್ಲಿ ಕ್ರಮವನ್ನು ಗಮನಿಸಿ. ಮೊದಲು ಹಾವು ಸಿಕ್ಕಿತು. ಆಮೇಲೆ ಅದಕ್ಕೊಂದು ಪೆಟ್ಟಿಗೆ ಮಾಡಿದರು. ಪೆಟ್ಟಿಗೆ ಮಾಡುವಾಗ ಯೋಚಿಸಿದ್ದು ‘ಹಾವು ಹೊರಗೆ ಬರಬಾರದು’ ಅಂತ. ‘ಹಾವು ಒಳಗೆ ಬದುಕಬೇಕು’ ಅನ್ನೋದು ಯಾರ ತಲೆಗೂ ಬರಲಿಲ್ಲ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕತೆಯಲ್ಲೆಲ್ಲ ಇದೇ ಬರುತ್ತದೆ.

1849ರಲ್ಲಿ ಲಂಡನ್ ಮೃಗಾಲಯ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಸಾರ್ವಜನಿಕರಿಗೆ ತೆರೆದ, ಜಗತ್ತಿನ ಮೊದಲ ಸರೀಸೃಪ ಗೃಹ ಅದು. ಕಟ್ಟಡ ಮಾತ್ರ ಹೊಸದಲ್ಲ, ಮೊದಲು ಬೇರೆ ಪ್ರಾಣಿಗಳಿದ್ದ ಮನೆಯನ್ನೇ ಮಾರ್ಪಡಿಸಿದ್ದು. ಅಷ್ಟು ಹೊತ್ತಿಗೆ ಹಾವಿಗೆ ಬಿಸಿ ಬೇಕು ಅನ್ನೋದು ತಿಳಿದಿತ್ತು. ಸರಿ, ಚಳಿಗೆ ನಾವೇನು ಮಾಡ್ತೀವಿ? ಕಂಬಳಿ ಹೊದೀತೀವಿ. ಅವರೂ ಹಾವಿಗೆ ಕಂಬಳಿ ಕೊಟ್ಟರು! ನಗು ಬರುತ್ತೆ, ಆದರೆ ಯೋಚಿಸಿ: ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಮೈಯಲ್ಲಿ ಬಿಸಿಯೇ ಹುಟ್ಟದ ಪ್ರಾಣಿಗೆ ಕಂಬಳಿ ಹೊದಿಸಿ ಏನು ಪ್ರಯೋಜನ?

1851ರಲ್ಲಿ ಅಲ್ಲಿನ ಒಂದು ದೊಡ್ಡ ಬೋವಾ ತನ್ನ ಕಂಬಳಿಯನ್ನೇ ನುಂಗಿಬಿಟ್ಟಿತು. ಆಹಾರಕ್ಕೆ ಬಾಯಿ ಹಾಕುವಾಗ ಕಂಬಳಿಯೂ ಹಲ್ಲಿಗೆ ಸಿಕ್ಕಿರಬೇಕು. ಹಾವಿನ ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ, ಸಿಕ್ಕಿದ್ದು ಒಳಗೇ ಹೋಗುತ್ತದೆ, ಉಗುಳುವುದು ಸುಲಭವಲ್ಲ. ಸುಮಾರು ಐದು ವಾರ ಆ ಕಂಬಳಿ ಹಾವಿನ ಹೊಟ್ಟೆಯಲ್ಲಿತ್ತು. ಕೊನೆಗೆ ಹಾವು ಅದನ್ನು ಹೊರಹಾಕಿತು. ಪತ್ರಿಕೆಗಳಿಗೆ ಅದೊಂದು ತಮಾಷೆಯ ಸುದ್ದಿಯಾಯಿತು. ನನಗೆ ಅದು ತಮಾಷೆಯಾಗಿ ಕಾಣುವುದಿಲ್ಲ. ಮನುಷ್ಯ ತನ್ನ ಚಳಿಯನ್ನು ಹಾವಿನ ಚಳಿ ಅಂದುಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಹಾವು ಬಿಸಿ ಮಾಡಿಕೊಳ್ಳುವುದಿಲ್ಲ ಅಂದೆನಲ್ಲ, ಅದಕ್ಕೊಂದು ಅಪವಾದ ಉಂಟು, ಮತ್ತು ಅದಕ್ಕೆ ನಮ್ಮ ದೇಶದ ಸಂಬಂಧವೂ ಇದೆ. 1830ರ ದಶಕದಲ್ಲಿ ಲಮಾರ್-ಪಿಕೊ ಎಂಬ ಫ್ರೆಂಚ್ ಪ್ರವಾಸಿ, ಇಂಡಿಯಾದಲ್ಲಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು ಕೋಳಿಯಂತೆ ಕಾವು ಕೊಡುತ್ತದೆ ಅಂತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ವರದಿ ಕೊಟ್ಟ. ಅಲ್ಲಿನ ಪಂಡಿತರು ಒಪ್ಪಲಿಲ್ಲ. ತಣ್ಣನೆ ರಕ್ತದ ಪ್ರಾಣಿ ಕಾವು ಕೊಡುವುದೇ? ಆದರೆ 1841ರಲ್ಲಿ ಪ್ಯಾರಿಸ್ಸಿನ ಮೃಗಾಲಯದಲ್ಲೇ ಒಂದು ಹೆಬ್ಬಾವು 15 ಮೊಟ್ಟೆ ಇಟ್ಟು, ಸುತ್ತಿಕೊಂಡು ಕೂತಿತು. ವಲಾಂಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ಸುರುಳಿಗಳ ನಡುವೆ ಥರ್ಮಾಮೀಟರ್ ಇಟ್ಟು ನೋಡಿದ. ಸುತ್ತಲಿನ ಗಾಳಿಗಿಂತ ಅಲ್ಲಿ ಬಿಸಿ ಹೆಚ್ಚಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಎಂಟು ಮರಿಗಳು ಹೊರಬಂದವು. ಆ ಬಿಸಿ ಎಲ್ಲಿಂದ ಬರುತ್ತದೆ ಅನ್ನೋದು ಖಚಿತವಾದದ್ದು 1966ರಲ್ಲಿ, ಅಮೆರಿಕದಲ್ಲಿ. ಹಚಿಸನ್, ಡೌಲಿಂಗ್ ಮತ್ತು ವಿನೆಗರ್ ಎಂಬ ಮೂವರು, ಸುತ್ತಲಿನ ತಾಪಮಾನ 33 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಾವು ಕೊಡುವ ತಾಯಿ ಹೆಬ್ಬಾವು ತನ್ನ ಸ್ನಾಯುಗಳನ್ನು ಮತ್ತೆ ಮತ್ತೆ ಅದುರಿಸಿ ಮೈ ಬಿಸಿ ಮಾಡಿಕೊಳ್ಳುತ್ತದೆ ಅಂತ ತೋರಿಸಿದರು. ಅಂದರೆ, ನಾವು ಚಳಿಗೆ ನಡುಗಿದ ಹಾಗೆ. ಆದರೆ ನೆನಪಿರಲಿ, ಇದು ಮೊಟ್ಟೆಯ ಮೇಲೆ ಕೂತ ತಾಯಿಯ ಮಾತು. ಉಳಿದ ದಿನಗಳಲ್ಲಿ ಹೆಬ್ಬಾವೂ ಹೊರಗಿನ ಬಿಸಿಯನ್ನೇ ನಂಬಿರುತ್ತದೆ.

ಮೃಗಾಲಯದ ಮಾತಾಯಿತು. ಮನೆಯಲ್ಲಿ ಸಾಕಿದವರು? ಅವರೂ ಆಗಲೇ ಇದ್ದರು. 1872ರಲ್ಲಿ ಲಂಡನ್ನಿನಲ್ಲಿ ಒಬ್ಬ ಗೃಹಸ್ಥ ಮತ್ತು ಆತನ ಹೆಂಡತಿ ಮನೆಯಲ್ಲಿ ದೊಡ್ಡ ಹಾವು ಸಾಕಿದ್ದಾರೆ ಅಂತ ದೂರು ಹೋಯಿತು. ಅವರ ಪರವಾಗಿ ವಾಲ್ಟರ್ ಸೆವರ್ನ್ ಎಂಬಾತ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದ. ಆ ಪತ್ರವನ್ನು ಮುಂದೆ ಜಾರ್ಜ್ ರೋಮಾನೆಸ್ ಪ್ರಾಣಿಗಳ ಬುದ್ಧಿಯ ಬಗ್ಗೆ ಬರೆದ ಪುಸ್ತಕದಲ್ಲಿ ಸೇರಿಸಿದ, ಹಾಗಾಗಿ ಅದು ಉಳಿದಿದೆ. ಅದರಲ್ಲಿ ಬರುವ ದೃಶ್ಯ ಹೀಗೆ: ಮನೆಯ ಯಜಮಾನ ಒಂದು ಕಪಾಟು ತೆಗೆಯುತ್ತಾನೆ. ಅಲ್ಲಿಂದ ಒಂದು ಬೋವಾ, ಒಂದು ಹೆಬ್ಬಾವು, ಕೆಲವು ಸಣ್ಣ ಹಾವುಗಳು ಹೊರಬಂದು ಬರೆಯುವ ಮೇಜಿನ ಮೇಲೆ ಪುಸ್ತಕ, ಮಸಿಕುಡಿಕೆಗಳ ನಡುವೆ ಹರಿದಾಡುತ್ತವೆ. ಹೌದು, ಕಪಾಟಿನಲ್ಲಿ. ನಾವು ಪಾತ್ರೆ, ಬಟ್ಟೆ ಇಡುವಂಥ ಕಪಾಟು.

ಆ ದಂಪತಿ ಒಮ್ಮೆ ಆರು ವಾರ ಊರಿಗೆ ಹೋದಾಗ ಹಾವುಗಳನ್ನು ಮೃಗಾಲಯದಲ್ಲಿ ಬಿಟ್ಟಿದ್ದರು. ಬೋವಾ ಅಲ್ಲಿ ಊಟ ಬಿಟ್ಟು ಮಂಕಾಗಿ ಕೂತಿತು, ಯಜಮಾನರು ಬಂದಾಗ ಖುಷಿಯಾಯಿತು ಅಂತ ಸೆವರ್ನ್ ಬರೆಯುತ್ತಾನೆ. ಅವನ ಪ್ರಕಾರ ಅದು ಪ್ರೀತಿ. ಇವತ್ತು ಹಾವು ಸಾಕುವ ಯಾರನ್ನೇ ಕೇಳಿ, ಬೇರೆ ಮಾತು ಹೇಳುತ್ತಾರೆ: ಜಾಗ ಬದಲಾದರೆ ಹಾವು ಊಟ ಬಿಡುವುದು ತೀರಾ ಸಾಮಾನ್ಯ. ಪ್ರೀತಿಯೋ ಅಲ್ಲವೋ, ನಾನು ಜಗಳ ಮಾಡೋದಿಲ್ಲ. ಆದರೆ ಆ ಪತ್ರದಲ್ಲಿ ಇನ್ನೊಂದು ಸತ್ಯ ಇದೆ. ದೊಡ್ಡ ಹಾವು ಸಾಕಿದವರಿಗೆ ಮೊದಲ ತೊಂದರೆ ಹಾವಿನಿಂದ ಬರಲಿಲ್ಲ, ಪಕ್ಕದ ಮನೆಯಿಂದ ಬಂತು. ನಮ್ಮ ಮನೆಯ ಹಾವು ನಮ್ಮೊಬ್ಬರ ವಿಷಯ ಅಲ್ಲ. ನೂರೈವತ್ತು ವರ್ಷದ ಹಿಂದೆಯೇ ಇದು ಸ್ಪಷ್ಟವಾಗಿತ್ತು.

ಇನ್ನು ಈ ಕತೆಯ ನಾಯಕಿ. ಜೋನ್ ಪ್ರಾಕ್ಟರ್. ಹುಟ್ಟಿದ್ದು 1897, ಲಂಡನ್ನಿನಲ್ಲಿ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಹಾವು, ಹಲ್ಲಿ, ಮೊಸಳೆ ಮರಿ ಸಾಕಿದ್ದ ಹುಡುಗಿ. ಆರೋಗ್ಯ ಸರಿಯಿಲ್ಲದ ಕಾರಣ ವಿಶ್ವವಿದ್ಯಾಲಯಕ್ಕೆ ಹೋಗಲಾಗಲಿಲ್ಲ. ಸರೀಸೃಪ ತಜ್ಞ ಬೂಲೆಂಜರ್ ಕೈಕೆಳಗೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಕಲಿತಳು. 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಹೊಣೆ ಹೊತ್ತಳು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಒಬ್ಬ ಯುವತಿ ಹೆಬ್ಬಾವುಗಳಿಗೆ ಚಿಕಿತ್ಸೆ ಮಾಡ್ತಾಳೆ, ಮೊಸಳೆಗಳನ್ನು ನೋಡ್ಕೊಳ್ತಾಳೆ ಅನ್ನೋದೇ ಆ ಕಾಲದ ಪತ್ರಿಕೆಗಳಿಗೆ ದೊಡ್ಡ ಸುದ್ದಿ.

ಆದರೆ ಅವಳ ನಿಜವಾದ ಸಾಧನೆ ಒಂದು ಕಟ್ಟಡ. 1927ರಲ್ಲಿ ತೆರೆದ ಲಂಡನ್ನಿನ ಹೊಸ ಸರೀಸೃಪ ಗೃಹ. ಇಲ್ಲಿ ಮೊದಲ ಬಾರಿಗೆ ಕ್ರಮ ತಿರುಗಿತು. ಹಾವನ್ನು ಹಿಡಿದು ತಂದು ಅದಕ್ಕೊಂದು ಪೆಟ್ಟಿಗೆ ಹುಡುಕಲಿಲ್ಲ. ಈ ಪ್ರಾಣಿ ಹೇಗೆ ಬದುಕುತ್ತದೆ ಅಂತ ಮೊದಲು ಕೇಳಿ, ಆ ಉತ್ತರದ ಸುತ್ತ ಗೋಡೆ ಎಬ್ಬಿಸಿದರು. ಪ್ರೇಕ್ಷಕರು ನಿಲ್ಲುವ ಜಾಗ ಮಬ್ಬಾಗಿತ್ತು, ಬೆಳಕು ಗೂಡುಗಳ ಒಳಗೆ. ಅಕ್ವೇರಿಯಂನಲ್ಲಿ ಇರುತ್ತಲ್ಲ, ಹಾಗೆ. ಸೂರ್ಯನ ಅತಿನೇರಳೆ ಕಿರಣವನ್ನು ಒಳಗೆ ಬಿಡುವ ವಿಶೇಷ ಗಾಜು ಬಳಸಿದರು. ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯುತ್ತಿನ ಬಿಸಿ. ಇಡೀ ಮನೆಯನ್ನು ಒಂದೇ ಸಮ ಬೇಯಿಸುವ ಬಿಸಿ ಅಲ್ಲ ಅದು. ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಪ್ರಮಾಣದ ಬಿಸಿ. ಹಾವು ಬಿಸಿ ಬೇಕೆಂದಾಗ ಬಿಸಿಯ ಕಡೆಗೆ ಹೋಗಬಹುದು, ಸಾಕೆಂದಾಗ ತಂಪಿಗೆ ಸರಿಯಬಹುದು.

ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ನಮ್ಮ ಗದ್ದೆ ಬದುವಿನ ಹಾವು ದಿನವೂ ಮಾಡುವುದು ಇದನ್ನೇ ಅಲ್ವಾ? ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆ, ಮಧ್ಯಾಹ್ನ ಬಿಲಕ್ಕೆ ಇಳಿಯುತ್ತದೆ. ಹಾವಿಗೆ ಬೇಕಾದದ್ದು ‘ಬಿಸಿ’ ಅಲ್ಲ, ಬಿಸಿ ಮತ್ತು ತಂಪಿನ ನಡುವೆ ಓಡಾಡುವ ಸ್ವಾತಂತ್ರ್ಯ. 1944ರಲ್ಲಿ ಕೌಲ್ಸ್ ಮತ್ತು ಬೋಗರ್ಟ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಮರುಭೂಮಿಯ ಸರೀಸೃಪಗಳ ಮೇಲೆ ಪ್ರಯೋಗ ಮಾಡಿ, ಇವು ಹೀಗೆ ಜಾಗ ಬದಲಿಸುತ್ತಲೇ ತಮ್ಮ ಮೈ ತಾಪಮಾನವನ್ನು ಸಾಕಷ್ಟು ನಿಖರವಾಗಿ ಹಿಡಿದಿಡುತ್ತವೆ ಅಂತ ಪ್ರಕಟಿಸಿದರು. ವಿಜ್ಞಾನ ಅದನ್ನು ಅಳತೆ ಮಾಡಿ ಹೇಳುವ 17 ವರ್ಷ ಮುಂಚೆ ಪ್ರಾಕ್ಟರ್ ಅದನ್ನು ಕಟ್ಟಿ ತೋರಿಸಿದ್ದಳು. ಅವಳು 1931ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡಳು. ಕಟ್ಟಡ ಅವಳ ನಂತರವೂ ತೊಂಬತ್ತು ವರ್ಷ ಹಾವುಗಳನ್ನು ಸಾಕಿತು.

ಅಂದರೆ 1927ರ ಹೊತ್ತಿಗೇ ಉತ್ತರ ಗೊತ್ತಿತ್ತು. ಮುಂದೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ.

ಯಾಕೆಂದರೆ ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಹಾವು ಅಂಗಡಿಗೆ ಬಂತು. ಅಮೆರಿಕದಲ್ಲಿ ಬರ್ಮೀಸ್ ಹೆಬ್ಬಾವಿನ ಮರಿ ಸುಲಭದ ಬೆಲೆಗೆ ಸಿಗತೊಡಗಿತು. ಮೊಟ್ಟೆಯಿಂದ ಬಂದ ಮರಿ ಎರಡಡಿಯ ಆಸುಪಾಸು. ಗಾಜಿನ ಮೀನಿನ ತೊಟ್ಟಿಯಲ್ಲಿ ಇಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಜಗತ್ತಿನ ಅತಿ ದೊಡ್ಡ ಹಾವುಗಳ ಜಾತಿಗೆ ಸೇರಿದ್ದು, ಕೆಲವೇ ವರ್ಷಗಳಲ್ಲಿ ಹತ್ತಡಿ ದಾಟುತ್ತದೆ, ಹೆಣ್ಣು ಹದಿನೈದು ಅಡಿ ಮೀರುವುದೂ ಉಂಟು. ಕೊಳ್ಳುವವರು ಇವತ್ತಿನ ಹಾವನ್ನು ನೋಡಿ ಕೊಂಡರು, ಐದು ವರ್ಷದ ನಂತರದ ಹಾವನ್ನು ನೋಡಲಿಲ್ಲ. 1996ರಿಂದ 2006ರವರೆಗೆ ಸುಮಾರು 99,000 ಬರ್ಮೀಸ್ ಹೆಬ್ಬಾವುಗಳು ಅಮೆರಿಕಕ್ಕೆ ಆಮದಾದವು. ಅಷ್ಟು ಹಾವಿಗೆ ಅಷ್ಟು ಮನೆ ಯಾರು ಕಟ್ಟಿದ್ದರು?

ಸಾಕಲಾಗದವರು ಫ್ಲೋರಿಡಾದ ಜೌಗು ಕಾಡಿಗೆ ಬಿಟ್ಟರು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಹಾವು ಸಾಕಣೆಯ ಒಂದು ಕೇಂದ್ರವೂ ನಾಶವಾಗಿತ್ತು. 2000ದ ಹೊತ್ತಿಗೆ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಹಾವು ಮರಿ ಮಾಡಿಕೊಂಡು ನೆಲೆಯೂರಿದೆ ಅಂತ ಅಧಿಕಾರಿಗಳು ಒಪ್ಪಿಕೊಂಡರು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆ ಉದ್ಯಾನದ ಹಾವು ಹೆಚ್ಚಿರುವ ಭಾಗದಲ್ಲಿ ರಸ್ತೆ ಬದಿ ಕಾಣುತ್ತಿದ್ದ ರಕೂನ್‌ಗಳ ಸಂಖ್ಯೆ ಶೇ. 99.3ರಷ್ಟು ಕುಸಿದಿದೆ ಅಂದಿತು. ಅದೇ ವರ್ಷ ಅಮೆರಿಕ ಬರ್ಮೀಸ್ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ಕಾಡಿಗೆ ಸೇರಿಯಾಗಿತ್ತು, ತಡವಾಗಿತ್ತು.

ಇನ್ನೊಂದು ಘಟನೆ ಹೇಳಲೇಬೇಕು. 2009ರ ಜುಲೈ, ಫ್ಲೋರಿಡಾದ ಒಂದು ಮನೆ. ಸುಮಾರು ಎಂಟೂವರೆ ಅಡಿಯ ಸಾಕು ಹೆಬ್ಬಾವು ರಾತ್ರಿ ತನ್ನ ತೊಟ್ಟಿಯಿಂದ ಹೊರಬಂದು ಎರಡು ವರ್ಷದ ಒಂದು ಮಗುವನ್ನು ಕೊಂದಿತು. ಆ ತೊಟ್ಟಿಗೆ ಸರಿಯಾದ ಮುಚ್ಚಳ, ಬೀಗ ಇರಲಿಲ್ಲ. ಮೇಲೆ ಒಂದು ಹೊದಿಕೆ ಹಾಕಿದ್ದರು. 1851ರ ಕಂಬಳಿ ನೆನಪಾಯಿತಾ? ಅಲ್ಲಿ ಕಂಬಳಿ ಹಾವಿನ ಹೊಟ್ಟೆ ಸೇರಿತು. ಇಲ್ಲಿ ಹೊದಿಕೆಯನ್ನು ಬಾಗಿಲು ಅಂದುಕೊಂಡದ್ದಕ್ಕೆ ಒಂದು ಮಗು ಹೋಯಿತು. ಮನೆಯವರ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಹಾವಿನ ತಪ್ಪೇನು? ಹಾವು ಹಾವಿನ ಕೆಲಸ ಮಾಡಿತು. ಮನೆ ಕಟ್ಟುವ ಕೆಲಸ ಮನುಷ್ಯರದ್ದಾಗಿತ್ತು.

ಈಗ ಆ ಹುಡುಗರ ಪ್ರಶ್ನೆಗೆ ಬರೋಣ. ‘ಮೊದಲು ಏನು ತಗೋಬೇಕು?’ ಕಾನೂನು ಅವಕಾಶ ಕೊಡುವ ದೇಶಗಳಲ್ಲಿ ಒಳ್ಳೆಯ ಸಾಕಣೆಗಾರರು ಕೊಡುವ ಉತ್ತರ ಒಂದೇ: ಹಾವನ್ನು ಕೊನೆಗೆ ತಗೊಳ್ಳಿ. ಮೊದಲು ಗೂಡು. ಅದರ ಅಳತೆ ಮರಿಗಲ್ಲ, ಬೆಳೆದ ಹಾವಿಗೆ. ಹಾವು ಪೂರ್ತಿ ಮೈ ಚಾಚಿ ಮಲಗುವಷ್ಟು ಉದ್ದ ಇರಲಿ. ‘ಹಾವು ಸುರುಳಿ ಸುತ್ತಿಕೊಂಡೇ ಇರುತ್ತೆ, ಜಾಗ ಯಾಕೆ’ ಅನ್ನೋದು ಹಳೆಯ ವಾದ. ಜಾಗ ಕೊಟ್ಟರೆ ಹಾವು ಚಾಚಿಕೊಳ್ಳುತ್ತದೆ. ಒಂದು ತುದಿ 31–32 ಡಿಗ್ರಿ, ಇನ್ನೊಂದು ತುದಿ 25–26. ಎರಡೂ ಕಡೆ ಒಂದೊಂದು ಅಡಗುತಾಣ, ಇಲ್ಲದಿದ್ದರೆ ಬಿಸಿ ಬೇಕೋ ಬಚ್ಚಿಟ್ಟುಕೊಳ್ಳೋದು ಬೇಕೋ ಅಂತ ಹಾವು ಆರಿಸಬೇಕಾಗುತ್ತದೆ. ಬಿಸಿ ಕೊಡುವ ಯಾವ ಉಪಕರಣಕ್ಕೂ ಥರ್ಮೋಸ್ಟಾಟ್ ಬೇಕೇ ಬೇಕು. ಬಲ್ಬಿನ ಸುತ್ತ ಜಾಲರಿ ಬೇಕು. ಚರ್ಮ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಅಲ್ಲಿಂದ ಸರಿಯುವುದಿಲ್ಲ. ಮೈ ಮುಳುಗುವಷ್ಟು ನೀರಿನ ತೊಟ್ಟಿ. ಗೂಡಿಗೆ ಬೀಗ, ಕೋಣೆಗೂ ಬೀಗ.

ಇಷ್ಟೆಲ್ಲ ಆದ ಮೇಲೆ, ಖಾಲಿ ಗೂಡನ್ನು ಒಂದೆರಡು ವಾರ ನಡೆಸಿ ನೋಡಬೇಕು. ಹಗಲು ಎಷ್ಟು, ರಾತ್ರಿ ಎಷ್ಟು, ಕರೆಂಟು ಹೋದರೆ ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆ? ಬರೆದಿಡಬೇಕು. ಆಹಾರ ಜೀವಂತ ಇಲಿ ಅಲ್ಲ, ಸತ್ತದ್ದು. ಹೆದರಿದ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಎಂಟು–ಹತ್ತು ಅಡಿ ದಾಟಿದ ಹಾವನ್ನು ಒಬ್ಬರೇ ಎತ್ತಬಾರದು. ಸರೀಸೃಪ ನೋಡುವ ಪಶುವೈದ್ಯರು ಊರಲ್ಲಿದ್ದಾರಾ? ಮತ್ತೆ ಆಯಸ್ಸು. ಹೆಬ್ಬಾವು ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿ ಒಂದು ಬಾಲ್ ಪೈಥಾನ್ 47 ವರ್ಷ ಬದುಕಿತ್ತು. ಇಪ್ಪತ್ತು ವರ್ಷದ ಹುಡುಗ ಕೊಂಡರೆ ಅವನ ಮದುವೆ, ಮಕ್ಕಳು, ವರ್ಗಾವಣೆ, ಬಾಡಿಗೆ ಮನೆ ಎಲ್ಲದರ ಜೊತೆಗೂ ಆ ಹಾವು ಇರುತ್ತದೆ.

ನಮ್ಮಲ್ಲಿ? ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿ, ಆನೆಗಳ ಸಾಲಿನಲ್ಲಿ. ಬರ್ಮೀಸ್ ಹೆಬ್ಬಾವಿಗೂ ಅದೇ ಮಾತು, ಅದು ನಮ್ಮ ಈಶಾನ್ಯ ರಾಜ್ಯಗಳ ಕಾಡಿನ ಹಾವು. ಮನೆಯಲ್ಲಿ ಇಟ್ಟುಕೊಂಡರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಬಿದಿರು ಬುಟ್ಟಿಯಲ್ಲಿ ಹೆಬ್ಬಾವು ಹೊತ್ತು ಬರುತ್ತಿದ್ದ ಹಾವಾಡಿಗರು ನಮ್ಮ ಬೀದಿಗಳಿಂದ ಮರೆಯಾದದ್ದಕ್ಕೆ ಈ ಕಾಯಿದೆಯೂ ಒಂದು ಕಾರಣ. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳನ್ನು 2022ರ ತಿದ್ದುಪಡಿಯ ನಂತರ ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಆದರೂ ಬೇಡಿಕೆ ನಿಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಒಬ್ಬ ಪ್ರಯಾಣಿಕನ ಚೀಲದಲ್ಲಿ ಕಸ್ಟಮ್ಸ್‌ನವರಿಗೆ 10 ಹಳದಿ ಅನಕೊಂಡಾಗಳು ಸಿಕ್ಕವು.

ಸೂಟ್‌ಕೇಸಿನಲ್ಲಿ ಬರುವ ಆ ಮರಿಗೂ ‘ಸೀಸರ್’ ಹಡಗಿನ ಆ ಹೆಬ್ಬಾವಿಗೂ ಏನು ವ್ಯತ್ಯಾಸ ಹೇಳಿ? ಬಿಸಿಯಿಲ್ಲದ ಪೆಟ್ಟಿಗೆ, ಆ ತುದಿಯಲ್ಲಿ ಕಾಯುವ ಮನೆಯಿಲ್ಲ. ಇನ್ನೂರು ವರ್ಷದಲ್ಲಿ ನಾವು ಹಾವಿನ ಬಗ್ಗೆ ಎಷ್ಟೋ ಕಲಿತೆವು. ಕೊಳ್ಳುವವರ ಆತುರ ಮಾತ್ರ ಹಾಗೇ ಉಳಿದಿದೆ.

ಹಾಗಾಗಿ ಕೇಳುವ ಹುಡುಗರಿಗೆ ನಾನು ಹೇಳೋದು ಇಷ್ಟೆ. ಹಾವು ಬೇಡ, ಆದರೆ ಗೂಡು ಕಟ್ಟಿ ನೋಡಿ. ಕಾಗದದ ಮೇಲಾದರೂ ಸರಿ. ಬೆಳೆದ ಹೆಬ್ಬಾವಿನ ಅಳತೆಗೆ, ಎರಡು ತಾಪಮಾನಕ್ಕೆ, ಮೂವತ್ತು ವರ್ಷದ ಲೆಕ್ಕಕ್ಕೆ. ಕಟ್ಟಿ ಮುಗಿಸುವ ಹೊತ್ತಿಗೆ ಹೆಚ್ಚಿನವರಿಗೆ ಉತ್ತರ ತಾನಾಗಿಯೇ ಸಿಕ್ಕಿರುತ್ತದೆ. ಇನ್ನೂ ಆಸೆ ಉಳಿದವರಿಗೆ ಮೈಸೂರು ಮೃಗಾಲಯ ಇದೆ, ಹಾವಿನ ವಿಜ್ಞಾನ ಓದುವ ದಾರಿ ಇದೆ, ಮಳೆಗಾಲದಲ್ಲಿ ಮಲೆನಾಡಿನ ತೋಟದ ಅಂಚಿನಲ್ಲಿ ನಿಜವಾದ ಹೆಬ್ಬಾವೇ ಇದೆ. ಅದಕ್ಕೆ ಮನೆ ಆಗಲೇ ಇದೆ. ನಾವು ಅದನ್ನು ಕೆಡಿಸದಿದ್ದರೆ ಸಾಕು.